ಸ್ವಂತ ರಕ್ತದ ನಿಯಮ

ನನ್ನ ರಕ್ತಕ್ಕೆ ಆ ಕೋಣೆಯೊಳಗೆ ಪ್ರವೇಶವಿತ್ತು. ನನಗಿರಲಿಲ್ಲ.

ಕೋಣೆಯೆಂದರೆ ಅಂಥ ಅರಮನೆಯೇನಲ್ಲ. ತರಬೇತಿ ಕೇಂದ್ರದ ಮೊದಲ ಮಹಡಿಯ ತುದಿಯಲ್ಲಿ, ಗಾಜಿನ ಬಾಗಿಲಿನ ಹಿಂದೆ, ಮೂರು ಜನ ನಿಂತರೆ ನಾಲ್ಕನೆಯವರು ಉಸಿರು ಬಿಗಿಹಿಡಿಯಬೇಕಾದಷ್ಟು ಜಾಗ. ಅದರಲ್ಲಿ ಎರಡು ಹುಡ್. ಹುಡ್ ಎಂದರೆ ಮುಂಭಾಗ ಅರ್ಧ ತೆರೆದಿರುವ ದೊಡ್ಡ ಸ್ಟೀಲ್ ಪೆಟ್ಟಿಗೆ. ಸೋಸಿದ ಗಾಳಿ ಅದರೊಳಗೆ ಸದಾ ಬೀಸುತ್ತಿರುತ್ತದೆ, ಹೊರಗಿನ ಧೂಳು, ಕ್ರಿಮಿ ಒಳಗೆ ನುಗ್ಗದಂತೆ. ಅದರ ಮುಂದೆ ಕೂತು, ಕೈಗಳನ್ನು ಮಾತ್ರ ಒಳಗಿಟ್ಟು, ಜೀವಕೋಶಗಳ ಕೆಲಸ ಮಾಡಬೇಕು. ಎರಡರಲ್ಲಿ ಒಂದು ಕೆಟ್ಟಿತ್ತು. ಅದರೊಳಗೆ ಒರೆಸುವ ಬಟ್ಟೆ, ಒಂದು ಛತ್ರಿ ಮತ್ತು ಸ್ಟೆರೈಲ್ ಸರ್ ಅವರ ಊಟದ ಡಬ್ಬಿ ಇರುತ್ತಿದ್ದವು. ಹಾಗಾಗಿ ಇದ್ದದ್ದು ಒಂದೇ ಕುರ್ಚಿ. ಆ ಕುರ್ಚಿಯಲ್ಲಿ ಕೂತು ಕಲಿತವರು ಜೈವಿಕ ತಂತ್ರಜ್ಞಾನ ಪ್ರಯೋಗಾಲಯದ ತಂತ್ರಜ್ಞರು. ಕೂರದವರು ಗಾಜು ತೊಳೆಯುವವರು. ನಡುವೆ ಮತ್ತೊಂದು ಜಾತಿ ಇರಲಿಲ್ಲ.

ಸ್ಟೆರೈಲ್ ಸರ್ ನಮ್ಮ ಬೋಧಕರು. ಆ ಹೆಸರಿಟ್ಟವರು ನಾವಲ್ಲ, ನಮಗಿಂತ ಹಿಂದಿನ ತಂಡದವರು. ಯಾವುದನ್ನು ಎತ್ತುವ ಮುಂಚೆಯೂ, ಅದು ಚಹಾದ ಲೋಟವಾದರೂ ಸರಿ, ‘ಸ್ಟೆರೈಲಾ?’ ಅಂತ ಕೇಳಿಯೇ ಎತ್ತುವ ಮನುಷ್ಯ. ಕ್ರಿಮಿಗಳಿಲ್ಲದ್ದು ಅಂತ ಅದರ ಅರ್ಥ. ಅವರ ಬಾಯಲ್ಲಿ ಅದಕ್ಕೆ ಇನ್ನೂ ನಾಲ್ಕಾರು ಅರ್ಥಗಳಿದ್ದವು.

ನಾನು ಮತ್ತು ನನ್ನ ಜೊತೆ ಸೇರಿದ ಹುಡುಗ ಮೀಸೆ ಚರಂಡಿಯಾಚೆಯವರು. ಊರಿನ ದೊಡ್ಡ ಚರಂಡಿ ದಾಟಿದರೆ ನಮ್ಮ ಮನೆಗಳು. ಊರು ತನ್ನ ಕೊಳೆಯನ್ನೆಲ್ಲ ಚರಂಡಿಗೆ ಬಿಟ್ಟು, ಚರಂಡಿಯನ್ನು ನಮಗೆ ಬಿಟ್ಟಿತ್ತು. ನಮ್ಮಲ್ಲಿ ಗಂಡಸರು ಅದನ್ನು ಬಾಚುತ್ತಾರೆ. ಹೆಂಗಸರು ಆಸ್ಪತ್ರೆಯ ಬಟ್ಟೆ ಒಗೆಯುತ್ತಾರೆ. ಸರ್ಕಾರಕ್ಕೆ ಯಾವುದೋ ವರ್ಷ ಕನಿಕರ ಬಂದು, ತರಬೇತಿ ಕೇಂದ್ರದಲ್ಲಿ ಚರಂಡಿಯಾಚೆಯವರಿಗೆ ಅಂತ ಎರಡು ಸೀಟು ಕೊಟ್ಟಿತು. ನಾವಿಬ್ಬರು ಆ ಸೀಟುಗಳು. ಉಳಿದವರೆಲ್ಲ ಫೀಸು ಕಟ್ಟಿ ಬಂದವರು. ಅವರನ್ನು ಟ್ರೈನಿಗಳು ಅನ್ನುತ್ತಿದ್ದರು. ನಮ್ಮನ್ನು ಯೋಜನೆಯವರು ಅನ್ನುತ್ತಿದ್ದರು.

ಮೀಸೆಗೆ ಈಗ ಮೀಸೆಯಿಲ್ಲ. ಸೇರುವಾಗ ಇತ್ತು, ಪೊಗದಸ್ತಾಗಿತ್ತು. ಕೂದಲಲ್ಲಿ ಕ್ರಿಮಿ ಕೂರುತ್ತವೆ, ಬೋಳಿಸಿ ಬಾ ಅಂದರು ಸ್ಟೆರೈಲ್ ಸರ್. ಬೋಳಿಸಿ ಬಂದ. ನಮ್ಮ ತರಗತಿಯ ಬಿಲ್ಡರನ ಮಗನಿಗೆ ಗಡ್ಡವೇ ಇತ್ತು, ಅದನ್ನು ಯಾರೂ ಕೇಳಲಿಲ್ಲ. ಬಹುಶಃ ಆ ಗಡ್ಡದಲ್ಲಿ ಕೂರುವ ಕ್ರಿಮಿಗಳು ಫೀಸು ಕಟ್ಟಿದ್ದವು.

ಮೊದಲ ದಿನ ಕೇಂದ್ರದ ಮುಖ್ಯಸ್ಥೆ ಭಾಷಣ ಮಾಡಿದರು. ಎಲ್ಲರೂ ಅವರನ್ನು ದೊಡ್ಡ ಮೇಡಂ ಅನ್ನುತ್ತಿದ್ದರು. ವಿಜ್ಞಾನಕ್ಕೆ ಮೇಲುಕೀಳಿಲ್ಲ, ಯಾರ ಮೈ ಕೊಯ್ದರೂ ಬರುವ ರಕ್ತ ಕೆಂಪೇ ಅಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಅದೊಂದು ಉಪಮೆ ಅಂದುಕೊಂಡಿದ್ದೆ. ಪಠ್ಯಕ್ರಮದ ವಿವರ ಅಂತ ಆಮೇಲೆ ತಿಳಿಯಿತು.

ನಮ್ಮ ತರಬೇತಿಯ ಜೀವಾಳ ಒಂದೇ ಪಾಠ. ತಾಜಾ ರಕ್ತದಿಂದ ಬಿಳಿ ರಕ್ತಕಣಗಳನ್ನು ಬೇರೆ ಮಾಡುವುದು. ಕೇಳಲು ಸುಲಭ. ಟ್ಯೂಬಿನ ತಳದಲ್ಲಿ ಭಾರದ ದ್ರವ ಹಾಕಿ, ಅದರ ಮೇಲೆ ರಕ್ತವನ್ನು ಹನಿಹನಿಯಾಗಿ ಪದರ ಕಟ್ಟಿ, ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕೆಂಪು ಕಣಗಳು ಕೆಳಗಿಳಿದು ನಡುವೆ ಮಂಜಿನಂಥ ಬಿಳಿ ಉಂಗುರ ನಿಲ್ಲುತ್ತದೆ. ಅದನ್ನು ಎತ್ತಿಕೊಳ್ಳಬೇಕು. ಹೊಳೆಯಾಚೆಯ ಲಸಿಕೆ ಕಾರ್ಖಾನೆಯವರು ನಮ್ಮ ಕೇಂದ್ರದಿಂದ ಕೆಲಸಕ್ಕೆ ತಗೊಳ್ಳುವಾಗ ಕೇಳುವುದು ಇದನ್ನೇ. ಹುಡ್‌ನಲ್ಲಿ ಕೂತು, ಪರೀಕ್ಷಕರ ಎದುರಿಗೆ ಉಂಗುರ ಎತ್ತಿದವರಿಗೆ ತಂತ್ರಜ್ಞ ಅಂತ ಸರ್ಟಿಫಿಕೇಟ್, ಮರುವಾರವೇ ಕಾರ್ಖಾನೆ. ಎತ್ತದವರಿಗೆ ‘ಗಾಜುಸಾಮಾನು ಸಹಾಯಕ’ ಅಂತ ಇನ್ನೊಂದು ಸರ್ಟಿಫಿಕೇಟ್ ಇತ್ತು. ಅದರ ಅಂಚಿಗೂ ಚಿನ್ನದ ಬಣ್ಣವಿತ್ತು.

ಪಾಠಕ್ಕೆ ತಾಜಾ ರಕ್ತ ಬೇಕಲ್ಲ. ಯಾರು ಕೊಡ್ತೀರಿ ಅಂತ ಸ್ಟೆರೈಲ್ ಸರ್ ಕೇಳಿದರು. ಎಲ್ಲರಿಗೂ ನೆಲದ ಟೈಲ್ಸಿನಲ್ಲಿ ಏಕಾಏಕಿ ಆಸಕ್ತಿ ಹುಟ್ಟಿತು. ಡಾಕ್ಟರ ಮಗಳು ತನಗೆ ಸೂಜಿ ಕಂಡರೆ ತಲೆ ತಿರುಗುತ್ತದೆ ಅಂದಳು. ಬಿಲ್ಡರನ ಮಗ ಅಮ್ಮನ್ನ ಕೇಳಬೇಕು ಅಂದ. ಸರ್ ಕಣ್ಣು ಹಿಂದಿನ ಸಾಲಿಗೆ ಬಂತು.

“ನೀವಿಬ್ಬರೂ ಗಟ್ಟಿ ಇದ್ದೀರಿ. ಕಷ್ಟಪಟ್ಟು ಬೆಳೆದ ಮೈ.”

ನಮಗೆ ಹೆಮ್ಮೆಯಾಯಿತು. ಮುಚ್ಚಿಡುವುದೇಕೆ? ನಮ್ಮದೇನನ್ನೋ ಅವರು ಕೇಳಿ ಪಡೆದದ್ದು ಅದೇ ಮೊದಲು. ಪಕ್ಕದ ಕ್ಲಿನಿಕ್ಕಿನಿಂದ ನರ್ಸಮ್ಮ ಬಂದು ತೋಳಿಗೆ ಪಟ್ಟಿ ಕಟ್ಟಿದಳು. ನರ ಹಗ್ಗದ ಹಾಗಿದೆ ಕಣೆ, ಕಣ್ಣು ಮುಚ್ಚಿ ಚುಚ್ಚಬಹುದು ಅಂದಳು. ತೆಗೆದುಕೊಂಡಳು. ನಾನೂ ಮೀಸೆಯೂ ಹತ್ತಿ ಒತ್ತಿಕೊಂಡು, ಉಳಿದವರ ಹಿಂದೆ ಗಾಜಿನ ಬಾಗಿಲಿನ ತನಕ ನಡೆದೆವು. ಅಲ್ಲಿ ಸರ್ ಕೈ ಅಡ್ಡ ಹಿಡಿದರು.

ಗೋಡೆಯ ಮೇಲೆ ಸುರಕ್ಷತಾ ನಿಯಮಗಳ ಫಲಕವಿತ್ತು. ಒಂದು ಸಾಲಿಗೆ ಬೆರಳಿಟ್ಟು ತೋರಿಸಿದರು. ತನ್ನ ಸ್ವಂತ ರಕ್ತ ಅಥವಾ ಜೀವಕೋಶಗಳನ್ನು ಬಳಸಿ ಯಾರೂ ಕೆಲಸ ಮಾಡತಕ್ಕದ್ದಲ್ಲ. ಯಾಕೆ ಅಂತ ಸಮಾಧಾನದಿಂದ ವಿವರಿಸಿದರು. ಬೇರೆಯವರ ಜೀವಕೋಶ ಅಕಸ್ಮಾತ್ ಸೂಜಿ ತಗುಲಿ ಮೈಯೊಳಗೆ ಹೋದರೆ ಮೈ ಅದನ್ನು ಪರಕೀಯ ಅಂತ ಗುರುತಿಸಿ ಓಡಿಸುತ್ತದೆ. ನಮ್ಮದೇ ಆದರೆ, ಅದು ತಟ್ಟೆಯಲ್ಲಿ ಬೆಳೆಯುವಾಗ ಕೆಟ್ಟುಹೋಗಿದ್ದರೂ, ಮೈ ನಮ್ಮವನೇ ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಅಪಾಯ.

ನಿಯಮ ಸುಳ್ಳಲ್ಲ. ಗ್ರಂಥಾಲಯಕ್ಕೆ ಹೋಗಿ ಓದಿ ನೋಡಿದೆ, ಎಲ್ಲ ಕಡೆಯೂ ಇದೆ, ಇರಬೇಕಾದದ್ದೇ. ಅದೇ ಅದರ ಸೊಗಸು. ಸುಳ್ಳು ನಿಯಮವಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಮೀಸೆ ತಲೆ ಕೆರೆದುಕೊಂಡು, ಹಾಗಾದರೆ ಅವಳ ರಕ್ತದಲ್ಲಿ ನಾನು ಕೆಲಸ ಮಾಡುತ್ತೇನೆ, ನನ್ನದರಲ್ಲಿ ಅವಳು ಮಾಡಲಿ ಅಂದ. ಒಳ್ಳೆಯ ಲೆಕ್ಕ. ಸರ್ ಮುಖದಲ್ಲಿ ನಿಜವಾದ ಬೇಸರ ಕಂಡಿತು.

“ಇಬ್ಬರದೂ ಒಂದೇ ಗುಂಪು ಕಣಪ್ಪ. ಬೆರೆಸಿಬಿಟ್ಟಿದ್ದೀನಲ್ಲ.”

ಅಂದಿನಿಂದ ಪ್ರತಿ ಪಾಠಕ್ಕೂ ಬೆರೆಸಿದರು. ಪ್ರತಿ ಪಾಠದಲ್ಲೂ ನಾವು ದಾನಿಗಳು. ಪ್ರತಿ ಸಲವೂ ನಿಯಮ ನಮ್ಮ ಜೀವ ಕಾಪಾಡಿತು.

ದಾನಿಗಳು ಸುಮ್ಮನೆ ಕೂರುವಂತಿಲ್ಲ. ಪಾಠ ಮುಗಿದ ಮೇಲೆ ಗಾಜು ತೊಳೆಯುವುದು ಯೋಜನೆಯವರ ಪಾಲಿಗೆ ಬರುತ್ತಿತ್ತು. ಬುನಾದಿ ಗಟ್ಟಿಯಾಗಲಿ ಅಂತ. ಕಾರಿಡಾರಿನ ತುದಿಯಲ್ಲಿ ಕಲ್ಲಿನ ತೊಟ್ಟಿ. ಅದರಲ್ಲಿ ಬ್ಲೀಚಿನ ನೀರು. ಫ್ಲಾಸ್ಕು, ಬಾಟಲಿ, ಬೀಕರು ರಾಶಿ ಬಿದ್ದಿರುತ್ತಿದ್ದವು. ತಳದಲ್ಲಿ ಹೆಪ್ಪುಗಟ್ಟಿದ ಕೆಂಪು. ಬ್ರಷ್ಷು ಕೈಕೊಡುವ ಕಡೆ ಬೆರಳು ಹಾಕಿ ಕೆರೆಯಬೇಕು. ರಬ್ಬರ್ ಗ್ಲೌಸಿಗೆ ತೂತು ಬಿದ್ದಿತ್ತು, ಹೊಸದು ಕೇಳಿದರೆ ಬರುವ ತಿಂಗಳು. ಬ್ಲೀಚು ಉಗುರಿನ ಬುಡಕ್ಕೆ ಇಳಿದು ಚರ್ಮ ಸುಲಿಯಿತು. ಬಿಸಿ ಆವಿಯ ಯಂತ್ರದಿಂದ ಬುಟ್ಟಿ ಎತ್ತುವಾಗ ಮುಂಗೈಗೆ ಬರೆ ಬಿತ್ತು. ಬೆನ್ನು ನೆಟ್ಟಗಾಗಲು ಗೋಡೆ ಬೇಕಾಗುತ್ತಿತ್ತು. ಬೆಳಿಗ್ಗೆ ನನ್ನ ತೋಳಿನಿಂದ ಹೋದದ್ದನ್ನು ಸಂಜೆ ನಾನೇ ಉಜ್ಜಿ ಚರಂಡಿಗೆ ಬಿಡುತ್ತಿದ್ದೆ. ಚರಂಡಿ ನಮ್ಮ ಮನೆ ಮುಂದೆಯೇ ಹರಿಯುತ್ತದೆ. ನನಗಿಂತ ಮುಂಚೆ ನನ್ನ ರಕ್ತ ಮನೆ ಸೇರುತ್ತಿತ್ತು.

ಡಾಕ್ಟರ ಮಗಳು ಒಳ್ಳೆಯವಳು. ಇದನ್ನು ಹೇಳಲೇಬೇಕು, ಅವಳೂ ಆಗಾಗ ಹೇಳಿಕೊಳ್ಳುತ್ತಿದ್ದಳು. ಟ್ಯೂಬಿನ ಮೇಲೆ ನಮ್ಮ ಹೆಸರಿರುತ್ತಿರಲಿಲ್ಲ, ‘ದಾನಿ ಒಂದು ಮತ್ತು ಎರಡು’ ಅಂತಿರುತ್ತಿತ್ತು. ಒಂದು ದಿನ ಅವಳು ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ, ದಾನಿಗಳು ಇವತ್ತು ತುಂಬಾ ಆರೋಗ್ಯವಾಗಿದ್ದಾರೆ, ಎಂಥ ಮುದ್ದಾದ ಜೀವಕೋಶಗಳು ಅಂದಳು. ನಾನು ತೊಳೆಯುವ ಟಬ್ಬು ಹಿಡಿದು ಬಾಗಿಲಲ್ಲಿದ್ದೆ. ಥ್ಯಾಂಕ್ಸ್ ಅಂದೆ. ಅವಳು ಬೆಚ್ಚಿಬಿದ್ದಳು. ಬೆಕ್ಕನ್ನು ಮುದ್ದು ಮಾಡುವಾಗ ಬೆಕ್ಕು ಮಾತಾಡಿದ ಹಾಗೆ.

ಮನೆಯಲ್ಲಿ ಅಮ್ಮ ನನ್ನ ಕೈ ನೋಡಿದಳು. ಅವಳದು ಆಸ್ಪತ್ರೆಯ ಲಾಂಡ್ರಿ. ಅವಳ ಕೈಯೂ ಹಾಗೇ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು.

“ತೊಳೆಯೋದು ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಾನೇ ಹೇಳಿಕೊಡ್ತಿದ್ನಲ್ಲ.”

ಇದು ಬುನಾದಿ ಅಂದೆ. ನಿಮ್ಮಜ್ಜಿ ಬುನಾದಿ, ನಾನು ಬುನಾದಿ, ನೀನೂ ಬುನಾದಿ, ಮನೆ ಯಾವಾಗ ಕಟ್ತಾರಂತೆ ಅಂತ ಕೇಳಿದಳು. ಲಾಂಡ್ರಿಯಲ್ಲಿ ಒಂದು ಜಾಗ ಖಾಲಿಯಿದೆ ಅಂತಲೂ ಹೇಳಿದಳು. ಒತ್ತಾಯದಿಂದಲ್ಲ. ಮಳೆ ಬರುವ ಹಾಗಿದೆ ಅನ್ನುವಂತೆ.

ಪರೀಕ್ಷೆಯ ದಿನ ಗೊತ್ತಾಯಿತು. ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಎಲ್ಲರೂ ಅವರೆದುರು ಉಂಗುರ ಎತ್ತಬೇಕು. ಅಂದು ಬೆಳಿಗ್ಗೆ ಬೇಗ ಬನ್ನಿ, ಎಲ್ಲರಿಗೂ ಆಗುವಷ್ಟು ರಕ್ತ ಬೇಕು, ಹೊಟ್ಟೆ ತುಂಬ ನೀರು ಕುಡಿದು ಬನ್ನಿ ಅಂತ ಸರ್ ನಮ್ಮಿಬ್ಬರಿಗೆ ಹೇಳಿದರು. ಹಾಗಾದರೆ ನಮ್ಮ ಪರೀಕ್ಷೆ ಅಂತ ಕೇಳಿದೆ. ದಾನಿಗಳು ಪರೀಕ್ಷೆಗೆ ಕೂರುವ ಹಾಗಿಲ್ಲ, ನಿಯಮ ಗೊತ್ತಲ್ಲ, ನಿಮಗೆ ಬೇರೆ ಸರ್ಟಿಫಿಕೇಟ್ ಇದೆಯಲ್ಲ ಅಂದರು.

ದೊಡ್ಡ ಮೇಡಂ ಹತ್ತಿರ ಹೋದೆ. ಅವರು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದರು. ತ್ಯಾಗ ದೊಡ್ಡದು ಮಗಳೇ, ಎಷ್ಟು ಜನರ ಭವಿಷ್ಯ ನಿನ್ನ ನರದಲ್ಲಿ ಹರೀತಿದೆ ಯೋಚಿಸು ಅಂದರು. ಯೋಚಿಸಿದೆ. ನನ್ನದೊಂದನ್ನು ಬಿಟ್ಟು ಎಲ್ಲರದೂ ಹರಿಯುತ್ತಿತ್ತು. ನೆನೆದ ಬಿಸ್ಕತ್ತು ಅಷ್ಟರಲ್ಲಿ ಲೋಟದಲ್ಲಿ ಮುಳುಗಿತು. ಅವರ ಗಮನ ಅತ್ತ ಹೋಯಿತು.

ಆ ಸಂಜೆ ಕಾರಿಡಾರು ಒರೆಸುತ್ತ ಫಲಕವನ್ನು ಮತ್ತೆ ಓದಿದೆ. ತನ್ನ ಸ್ವಂತ ರಕ್ತ. ಯೋಜನೆಯವರು ಅಂತಿಲ್ಲ. ಚರಂಡಿಯಾಚೆ ಅಂತಿಲ್ಲ. ರಕ್ತ ನನ್ನದಲ್ಲದಿದ್ದರೆ ಈ ನಿಯಮಕ್ಕೂ ನನಗೂ ಸಂಬಂಧವೇ ಇಲ್ಲ. ಇಷ್ಟು ದಿನ ಓದಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಮೀಸೆಗೆ ಹೇಳಿದೆ. ಅವನಿಗೆ ಭಯ.

“ಕೊಡಲ್ಲ ಅಂದ್ರೆ ಓಡಿಸ್ತಾರೆ ಕಣೆ.”

“ಓಡಿಸಿದ್ರೆ ತೊಳೆಯೋರು ಯಾರು?”

ಮೀಸೆ ತನ್ನ ಇಲ್ಲದ ಮೀಸೆಯ ಜಾಗವನ್ನು ತಿರುವಿಕೊಂಡ.

ಪರೀಕ್ಷೆಯ ಬೆಳಿಗ್ಗೆ ನರ್ಸಮ್ಮ ಟ್ರೇ ಹಿಡಿದು ಬಂದಳು. ಪಟ್ಟಿ ತೆಗೆದಳು. ಕೈ ಚಾಚು ಅಂದಳು. ನಾನು ಚಾಚಲಿಲ್ಲ.

“ಕೊಡಲ್ಲ.”

ಸ್ಟೆರೈಲ್ ಸರ್ ಹತ್ತಿರ ಬಂದು, ಹುಷಾರಿಲ್ವಾ ಅಂತ ಕೇಳಿದರು. ಚೆನ್ನಾಗಿದ್ದೀನಿ ಅಂದೆ.

“ಮತ್ತೇನು?”

“ಪರೀಕ್ಷೆ ಇದೆ ಸರ್. ಕೊಟ್ರೆ ಕೂರೋ ಹಾಗಿಲ್ಲ. ನಿಯಮ.”

ನರ್ಸಮ್ಮನ ಮಾಸ್ಕು ಒಮ್ಮೆ ಉಬ್ಬಿ ಇಳಿಯಿತು. ಒಳಗೆ ನಕ್ಕಿರಬೇಕು. ಸರ್ ಮೀಸೆಯ ಕಡೆ ತಿರುಗಿದರು. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡು, ಚಳಿಯಾದವನಂತೆ ನಿಂತಿದ್ದ.

ಆಮೇಲೆ ಶುರುವಾಯಿತು ರಕ್ತದ ಹುಡುಕಾಟ. ಫೀಸು ಕಟ್ಟಿದವರಲ್ಲಿ ಯಾರಾದರೂ ಕೊಡಬಹುದಿತ್ತು. ಆದರೆ ಕೊಟ್ಟವರು ಪರೀಕ್ಷೆಗೆ ಕೂರುವಂತಿಲ್ಲ. ಇಷ್ಟು ದಿನ ನಮ್ಮನ್ನು ಕಾಪಾಡಿದ ನಿಯಮ ಈಗ ಅವರನ್ನೂ ಕಾಪಾಡಲು ಹೊರಟಿತ್ತು. ಅವರಿಗದು ಇಷ್ಟವಾಗಲಿಲ್ಲ. ಒಬ್ಬೊಬ್ಬರೂ ತೋಳಿನ ಗುಂಡಿ ಬಿಗಿಯಾಗಿ ಹಾಕಿಕೊಂಡರು. ಬಿಲ್ಡರನ ಮಗ, ಇಂಥ ನಿಯಮ ಮಾಡಿದವನು ಯಾವ ಮೂರ್ಖ ಅಂತ ಕೇಳಿದ. ಅವನಿಗೆ ಅದು ಮೂರ್ಖತನವಾಗಿ ಕಂಡದ್ದು ಅಂದೇ. ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿದರು. ರೋಗಿ ಯಾರು ಅಂತ ಅವರು ಕೇಳಿದರು. ರೋಗಿ ಇಲ್ಲ, ಪರೀಕ್ಷೆ ಅಂದರು. ಫೋನ್ ಇಟ್ಟರು. ದೊಡ್ಡ ಮೇಡಂ ತಮ್ಮ ರಕ್ತದಲ್ಲಿ ಸಕ್ಕರೆ ಜಾಸ್ತಿ ಅಂದರು. ಗುಮಾಸ್ತರು ಅಂಚೆಗೆ ಅಂತ ಹೋದವರು ಬರಲೇ ಇಲ್ಲ. ಗೇಟಿನ ವಾಚ್‌ಮನ್‌ನನ್ನು ಕರೆಸಿದರು. ಅವನು ಚರಂಡಿಯಾಚೆಯವನೇ, ನನಗೆ ವರಸೆಯಲ್ಲಿ ಚಿಕ್ಕಪ್ಪ. ಒಮ್ಮೆ ನನ್ನ ಮುಖ ನೋಡಿದ.

“ನನ್ನ ಮೈಯಲ್ಲಿ ರಕ್ತ ಇದ್ದಿದ್ರೆ ಈ ಗೇಟಲ್ಲಿ ಯಾಕೆ ಕೂರ್ತಿದ್ದೆ ಸ್ವಾಮಿ?”

ನಾನು ಸಹಾಯ ಮಾಡಲು ಮುಂದೆ ಬಂದೆ. ನಮ್ಮಮ್ಮ ಆಸ್ಪತ್ರೆಯಲ್ಲೇ ಇದ್ದಾಳೆ, ಹೇಳಿ ಕಳಿಸಿದರೆ ಬಂದು ಕೊಡುತ್ತಾಳೆ ಅಂದೆ. ಸ್ಟೆರೈಲ್ ಸರ್ ಕ್ಷಣ ಯೋಚಿಸಿದರು. ಅವರ ಮಿದುಳು ಇಂಥಲ್ಲಿ ಚುರುಕು.

“ತಾಯಿದಾದ್ರೆ ಅರ್ಧ ನಿಂದೇ ಆಯ್ತಲ್ಲ. ನಿಯಮ ಒಪ್ಪಲ್ಲ.”

“ಹಾಗಾದ್ರೆ ಅರ್ಧ ಕುರ್ಚೀಲಿ ಕೂರ್ತೀನಿ ಸರ್.”

ಯಾರೂ ನಗಲಿಲ್ಲ. ಪರೀಕ್ಷಕರ ಕಾರು ಗೇಟಿಗೆ ಬಂದಿತ್ತು. ದೊಡ್ಡ ಮೇಡಂ ಸ್ಟೆರೈಲ್ ಸರ್ ಅವರನ್ನು ನೋಡಿದರು. ಎಲ್ಲರೂ ನೋಡಿದರು. ಅವರು ಪರೀಕ್ಷೆ ಬರೆಯುವವರಲ್ಲ. ಸಕ್ಕರೆಯಿಲ್ಲ. ಅಂಚೆಗೆ ಹೋಗುವ ಕೆಲಸವೂ ಇರಲಿಲ್ಲ. ನರ್ಸಮ್ಮನ ಮುಂದಿನ ಸ್ಟೂಲಿನಲ್ಲಿ ಕೂತರು. ತೋಳು ಮಡಿಸಿದರು. ಬಿಸಿಲು ಕಾಣದ ಬಿಳುಚಿದ ತೋಳು. ನರ್ಸಮ್ಮನಿಗೆ ನರ ಸಿಗಲಿಲ್ಲ. ಒಂದು ಕಡೆ ಚುಚ್ಚಿದಳು, ಇನ್ನೊಂದು ಕಡೆ ಚುಚ್ಚಿದಳು. ಎಲ್ಲಿ ಬಚ್ಚಿಟ್ಟಿದ್ದೀರಿ ಸರ್ ಅಂತ ಗೊಣಗಿದಳು. ಸರ್ ಮುಖ ಗೋಡೆಗೆ ತಿರುಗಿಸಿ, ಹುತಾತ್ಮರಂತೆ ಕಣ್ಣು ಮುಚ್ಚಿದ್ದರು. ಟ್ಯೂಬುಗಳು ತುಂಬಿದವು. ಒಬ್ಬೊಬ್ಬರಿಗೆ ಒಂದೊಂದು. ಸರ್ ತಾವೇ ಎದ್ದು, ಟ್ಯೂಬಿನ ಸ್ಟ್ಯಾಂಡು ಹಿಡಿದುಕೊಂಡು ಗಾಜಿನ ಕೋಣೆಗೆ ನಡೆದರು.

ಪರೀಕ್ಷಕರು ವಯಸ್ಸಾದವರು. ಕೈಗಡಿಯಾರ ನೋಡಿಕೊಳ್ಳುವುದು ಬಿಟ್ಟರೆ ಬೇರೆ ಚಟವಿರಲಿಲ್ಲ. ಒಬ್ಬರಾದ ಮೇಲೆ ಒಬ್ಬರು, ಒಂದನೇ ನಂಬರು ಬರಲಿ ಅಂದರು. ಕೇಂದ್ರಕ್ಕೆ ಸರ್ಕಾರದ ಪಟ್ಟಿ ಎಲ್ಲರಿಗಿಂತ ಮುಂಚೆ ಬಂದಿತ್ತು. ಹಾಗಾಗಿ ಒಂದನೇ ನಂಬರು ನಾನು. ಕೋಟು ಹಾಕಿ, ಗ್ಲೌಸು ಹಾಕಿ, ಗಾಜಿನ ಬಾಗಿಲು ತಳ್ಳಿ ಒಳಗೆ ಹೋದೆ. ಕುರ್ಚಿಯಲ್ಲಿ ಕೂತೆ. ಸೀಟು ಹರಿದು ಸ್ಪಂಜು ಹೊರಬಂದಿತ್ತು. ಒಂದು ಗಾಲಿ ಅಲ್ಲಾಡುತ್ತಿತ್ತು. ಇದಕ್ಕಾ ಇಷ್ಟು ಅನ್ನಿಸಿತು. ಕೈ ಒಳಗಿಟ್ಟೆ. ಮಣಿಕಟ್ಟಿಗೆ ತಣ್ಣನೆ ಗಾಳಿ ಬಡಿಯಿತು.

“ಒಂದನೇ ನಂಬರಿಗೆ ಸ್ಯಾಂಪಲ್ ಇಲ್ಲ ಸರ್,” ಅಂತ ಸ್ಟೆರೈಲ್ ಸರ್ ಪರೀಕ್ಷಕರಿಗೆ ಹೇಳಿದರು. “ಕಡಿಮೆ ಬಿತ್ತು. ಎರಡನೇ ನಂಬರಿಗೂ ಇಲ್ಲ.”

ಎರಡನೇ ನಂಬರು ಮೀಸೆ. ಸ್ಟ್ಯಾಂಡು ನೋಡಿದೆ. ಎರಡು ತೂತು ಖಾಲಿಯಿದ್ದವು. ನರ್ಸಮ್ಮ ತುಂಬಿ ಮುಗಿಸಿದಾಗ ಒಂದೂ ಖಾಲಿಯಿರಲಿಲ್ಲ.

ಇವರಿಬ್ಬರು ಮುಂದಿನ ಸಲ ಬರಲಿ ಅಂದರು ಪರೀಕ್ಷಕರು. ಮುಂದಿನ ಸಲ ಅನ್ನುವುದು ಯೋಜನೆಯಲ್ಲಿ ಇರಲಿಲ್ಲ. ಸರ್ ನನ್ನ ಪಕ್ಕ ಬಗ್ಗಿ, ಏಳು ಅಂದರು. ನಾನು ಏಳಲಿಲ್ಲ. ರಕ್ತ ಬರಲಿ ಸರ್, ಕಾಯುತ್ತೇನೆ ಅಂದೆ. ಅವರು ಇನ್ನೂ ಬಗ್ಗಿದರು. ಮಾಸ್ಕಿನ ಹಿಂದಿನಿಂದ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು.

“ಇನ್ಯಾರದ್ದಾದ್ರೂ ತಗೋ. ನಂದು ನೀನು ಮುಟ್ಟೋದು ಬೇಡ.”

ಅಷ್ಟೇ. ನಿಯಮವಿಲ್ಲ, ಸುರಕ್ಷತೆಯಿಲ್ಲ, ಮೈ ಯಾರನ್ನು ಓಡಿಸುತ್ತದೆ ಯಾರನ್ನು ಬಿಟ್ಟುಕೊಳ್ಳುತ್ತದೆ ಅನ್ನುವ ವಿಜ್ಞಾನವಿಲ್ಲ. ಇಷ್ಟು ಕಾಲ ಅವರೆಲ್ಲರ ಕೈ ನನ್ನ ರಕ್ತದಲ್ಲಿ ಆಡಿತ್ತು. ಚೆಲ್ಲಿದ್ದರು, ಎಸೆದಿದ್ದರು, ಮುದ್ದಾಗಿದೆ ಅಂದಿದ್ದರು. ಅವರದೊಂದು ಚಮಚೆಯಷ್ಟು ನನ್ನ ಕೈಗೆ ಬರಬೇಕಾದಾಗ ಕಡಿಮೆ ಬಿತ್ತು. ಕುರ್ಚಿಯ ಕೆಳಗಿನ ಅಡ್ಡಪಟ್ಟಿಗೆ ಕಾಲು ಸಿಕ್ಕಿಸಿಕೊಂಡೆ.

ಹೊರಗೆ ಗಾಜಿನಾಚೆ ಟ್ರೈನಿಗಳು ನಿಂತಿದ್ದರು. ಅವರ ಟ್ಯೂಬುಗಳು ಸ್ಟ್ಯಾಂಡಿನಲ್ಲಿದ್ದವು. ತಾಜಾ ರಕ್ತ ಬಹಳ ಹೊತ್ತು ತಾಜಾ ಇರುವುದಿಲ್ಲ. ಹೊತ್ತು ಮೀರಿದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಂಗುರ ಬರುವುದಿಲ್ಲ. ಇದ್ದದ್ದು ಒಂದೇ ಕುರ್ಚಿ. ಕುರ್ಚಿಯಲ್ಲಿ ನಾನು.

ಡಾಕ್ಟರ ಮಗಳು ಬಾಗಿಲು ಸರಿಸಿ, ತನ್ನ ಟ್ಯೂಬಿನಿಂದ ಅರ್ಧ ಕೊಡುತ್ತೇನೆ ಅಂದಳು. ಕಣ್ಣಲ್ಲಿ ನೀರೂ ಇತ್ತು.

“ಕೊಡಬೇಡ. ಯಾಕೆ ಕಡಿಮೆ ಬಿತ್ತು ಅಂತ ಅವರನ್ನ ಕೇಳು.”

ಅವಳು ಸರ್ ಮುಖ ನೋಡಿದಳು. ಬಾಗಿಲು ಮುಚ್ಚಿಕೊಂಡಳು. ಅರ್ಧ ಟ್ಯೂಬು ಕೊಡುವುದು ಸುಲಭವಿತ್ತು.

ಬಿಲ್ಡರನ ಮಗ, ಯಾರಾದರೂ ಅವಳನ್ನ ಎಬ್ಬಿಸ್ರೋ ಅಂತ ಕೂಗಿದ. ಯಾರೂ ಬರಲಿಲ್ಲ. ಎಬ್ಬಿಸಬೇಕಾದರೆ ಮುಟ್ಟಬೇಕು. ಚರಂಡಿಯಾಚೆ ಹುಟ್ಟಿದ್ದರ ಲಾಭ ನನಗೆ ಜೀವನದಲ್ಲಿ ಸಿಕ್ಕಿದ್ದು ಅದೊಂದೇ ಸಲ. ದೊಡ್ಡ ಮೇಡಂ ವಾಚ್‌ಮನ್‌ಗೆ ಹೇಳಿ ಕಳಿಸಿದರು. ಚಿಕ್ಕಪ್ಪ ಬಂದ. ನನ್ನನ್ನು ನೋಡಿದ, ಕುರ್ಚಿಯನ್ನು ನೋಡಿದ, ಎಷ್ಟು ಭಾರ ಅಂತ ಲೆಕ್ಕ ಹಾಕುವವನಂತೆ ತಲೆ ಓರೆ ಮಾಡಿದ. ಸೊಂಟ ಹಿಡಿದುಕೊಂಡಿದೆ ಮ್ಯಾಡಂ, ಭಾರ ಎತ್ತಬೇಡ ಅಂದಿದ್ದಾರೆ ಅಂತ ಹೇಳಿ ಬಾಗಿಲ ಪಕ್ಕ ಗೋಡೆಗೊರಗಿದ. ಮೀಸೆ ಅವನ ಪಕ್ಕದಲ್ಲಿ ನಿಂತ. ಇಬ್ಬರೂ ಬಸ್ಸಿಗೆ ಕಾಯುವವರ ಹಾಗಿದ್ದರು.

ಹೊತ್ತು ಹೋಯಿತು. ಟ್ರೈನಿಗಳು ಮೊದಲು ನನ್ನನ್ನು ಬೈದರು. ಕೊಬ್ಬು ಅಂದರು. ಯೋಜನೆಯವರಿಗೆ ಸಲುಗೆ ಕೊಟ್ಟರೆ ಹೀಗೇ ಅಂದರು. ಆಮೇಲೆ ಸ್ಟ್ಯಾಂಡಿನ ಕಡೆ ನೋಡಿದರು, ಗಡಿಯಾರದ ಕಡೆ ನೋಡಿದರು. ಸಿಟ್ಟು ನಿಧಾನವಾಗಿ ದಿಕ್ಕು ಬದಲಿಸಿತು. ನ್ಯಾಯ ನೆನಪಾಗಿ ಅಲ್ಲ. ತಮ್ಮ ಟ್ಯೂಬು ನೆನಪಾಗಿ. ಸರ್, ಇನ್ನೊಂದಿಷ್ಟು ಕೊಟ್ಟುಬಿಡಿ ಸರ್ ಅಂತ ಒಬ್ಬಳು ಬೇಡಿಕೊಂಡಳು. ನಮ್ಮದು ಹಾಳಾಗುತ್ತೆ ಸರ್ ಅಂದ ಇನ್ನೊಬ್ಬ. ಕಡೆಗೆ ಬಿಲ್ಡರನ ಮಗನೇ, ಎರಡು ಟ್ಯೂಬಿಗೆ ಏನು ಸತ್ತುಹೋಗ್ತೀರಾ ಅಂತ ಕೇಳಿದ. ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರೂ ಅವರನ್ನು ಹಾಗೆ ಎದುರು ಹಾಕಿಕೊಂಡಿರಲಿಲ್ಲ.

ನರ್ಸಮ್ಮ ಟ್ರೇ ಎತ್ತಿಕೊಂಡು ಹೊರಟಿದ್ದವಳು ಬಾಗಿಲಲ್ಲಿ ನಿಂತಳು.

“ತಲೆಗೊಂದರ ಹಾಗೆ ತುಂಬಿದ್ದೀನಿ ಸರ್. ಕೋಟಿನ ಜೇಬು ನೋಡ್ಕೊಳ್ಳಿ. ಮರೆತಿರ್ತೀರಿ.”

ಸರ್ ಕೈ ಜೇಬಿಗೆ ಹೋಯಿತು. ಒಂದು ಟ್ಯೂಬು ಬಂತು. ಮತ್ತೆ ಹೋಯಿತು. ಇನ್ನೊಂದು ಬಂತು. ಕರವಸ್ತ್ರದಲ್ಲಿ ಸುತ್ತಿದ್ದರು. ಪರೀಕ್ಷಕರು ಮೊದಲ ಬಾರಿಗೆ ಗಡಿಯಾರ ಬಿಟ್ಟು ಮನುಷ್ಯರನ್ನು ನೋಡಿದರು.

“ಜೇಬಲ್ಲಿ ಇಟ್ಕೊಂಡಿದ್ರಾ? ಸ್ಟೆರೈಲಾ?”

ಮುಚ್ಚಳ ಭದ್ರವಾಗಿದೆ ಅಂತ ಸರ್ ನೆಲಕ್ಕೆ ಹೇಳಿದರು. ಟ್ಯೂಬುಗಳನ್ನು ಸ್ಟ್ಯಾಂಡಿನಲ್ಲಿಟ್ಟು ಹಿಂದೆ ಸರಿದರು. ಸರಿಯಮ್ಮ, ಶುರು ಮಾಡು ಅಂದರು ಪರೀಕ್ಷಕರು. ಊಟದ ಹೊತ್ತು ಹತ್ತಿರವಾಗಿತ್ತು.

ಟ್ಯೂಬು ತೆಗೆದುಕೊಂಡೆ. ಮುಚ್ಚಳ ತೆರೆದೆ. ಭಾರದ ದ್ರವದ ಟ್ಯೂಬನ್ನು ಓರೆಯಾಗಿ ಹಿಡಿದು, ಅದರ ಒಳಗೋಡೆಗುಂಟ ರಕ್ತವನ್ನು ಬಿಡತೊಡಗಿದೆ. ಪುಸ್ತಕದಲ್ಲಿ ಓದಿದ್ದೆ. ಗಾಜಿನಾಚೆಯಿಂದ ನೋಡಿದ್ದೆ. ರಾತ್ರಿ ಹಾಸಿಗೆಯಲ್ಲಿ ಗಾಳಿಯಲ್ಲೇ ಕೈ ಓಡಿಸಿದ್ದೆ. ನಿಜವಾದ ಟ್ಯೂಬು ಅದೇ ಮೊದಲು. ಬೆರಳ ತುದಿಯ ಸುಲಿದ ಚರ್ಮಕ್ಕೆ ಗ್ಲೌಸು ಒತ್ತಿ ಉರಿಯಿತು. ಮೊದಲ ಹನಿಗಳು ನಿಂತವು. ಒಂದು ತೆಳು ಕೆಂಪು ಗೆರೆ ಮೂಡಿತು. ಆಮೇಲೆ ರಕ್ತದ ಟ್ಯೂಬನ್ನು ತುಸು ಹೆಚ್ಚು ಬಗ್ಗಿಸಿಬಿಟ್ಟೆ. ರಕ್ತ ಧಾರೆಯಾಗಿ ಧುಮುಕಿ, ತಳದ ದ್ರವದೊಂದಿಗೆ ಕಲಸಿ, ಟ್ಯೂಬೆಲ್ಲ ಗುಲಾಬಿಯಾಯಿತು. ಇದರಲ್ಲಿ ಇನ್ನು ಉಂಗುರ ನಿಲ್ಲುವುದಿಲ್ಲ.

ಹಿಂದೆ ಯಾರೋ ಸಣ್ಣಗೆ ನಕ್ಕರು. ಸ್ಟೆರೈಲ್ ಸರ್ ಇರಬಹುದು. ಹೇಳಿದ್ದೆನಲ್ಲ ಅನ್ನುವಂಥ ನಗು.

ಮೊದಲ ಸಲ ಎಲ್ಲರದೂ ಕಲಸುತ್ತದೆ. ಡಾಕ್ಟರ ಮಗಳದು ಕಲಸಿತ್ತು. ಬಿಲ್ಡರನ ಮಗನದಂತೂ ವಾರಗಟ್ಟಲೆ ಕಲಸಿತ್ತು. ಕಲಸಿ ಕಲಸಿ ಕಲಿಯಲು ಅವರಿಗೆ ನಾನಿದ್ದೆ. ಕಲಸಿದ ಟ್ಯೂಬನ್ನು ಪಕ್ಕಕ್ಕಿಟ್ಟೆ. ಕುರ್ಚಿ ತಿರುಗಿಸಿ ಪರೀಕ್ಷಕರ ಮುಖ ನೋಡಿದೆ. ಒಮ್ಮೆ ಕೆಟ್ಟರೆ ಮತ್ತೊಮ್ಮೆ ಮಾಡಲು ಅವಕಾಶ ಇದೆಯಾ ಅಂತ ಕೇಳಿದೆ. ಎಲ್ಲರಿಗೂ ಇದೆ ಅಂದರು. ಸ್ಟ್ಯಾಂಡಿನಲ್ಲಿ ಉಳಿದ ಟ್ಯೂಬುಗಳೆಲ್ಲ ಮೀಸೆಯ ಮತ್ತು ಉಳಿದವರ ಪಾಲಿನವು.

“ಸರ್, ಇನ್ನೊಂದು ಟ್ಯೂಬು ಬೇಕು.”

ನರ್ಸಮ್ಮ ಟ್ರೇಯನ್ನು ಮತ್ತೆ ಮೇಜಿನ ಮೇಲಿಟ್ಟಳು. ಪಟ್ಟಿ ಬಿಡಿಸಿದಳು. ಸ್ಟೆರೈಲ್ ಸರ್ ಮುಂದೆ ಸ್ಟೂಲು ಎಳೆದಳು.

“ಈ ಸಲ ಎಡಗೈ ಕೊಡಿ ಸರ್.”